ಹಿಮವೇ ಜಲನಿಧಿ

ಹಿಮಾಲಯದ ಮಳೆನೆರಳಿನಲ್ಲಿರುವ ಲಡಾಖ್ ಒಂದು ಶೀತಮರುಭೂಮಿ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮಗಳೆರಡೂ ಸೇರಿ ಸುಮಾರು 100 ಮಿಲಿಮೀಟರು ಮಾತ್ರ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಬಿರುಗಾಳಿಗಳು ಶಿಖರಗಳ ಮೇಲೆ ಸುರಿಸುವ ಹಿಮವೇ ಇಲ್ಲಿಯ ಜಲನಿಧಿ. ಆದರೆ ಬಾರ್ಲಿಯನ್ನು ಬಿತ್ತುವ ವಸಂತದಲ್ಲಿ ಎತ್ತರದ ಹಿಮನದಿಗಳು ಕರಗಿರುವುದಿಲ್ಲ. ಅವುಗಳ ನೀರು ಕೆಳಗಿಳಿಯುವಷ್ಟರಲ್ಲಿ ಬಿತ್ತನೆಯ ಹದ ಮೀರಿರುತ್ತದೆ.

ಈ ಕೊರತೆಗೆ ಚೆವಾಂಗ್ ನಾರ್ಫೆಲ್ ಎಂಬ ಎಂಜಿನಿಯರು ಪರಿಹಾರವನ್ನು ಕಂಡರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ತೊರೆಯ ನೀರನ್ನು ಬೆಟ್ಟದ ನೆರಳಿರುವ ಇಳಿಜಾರಿಗೆ ತಿರುಗಿಸಿ, ಕಲ್ಲೊಡ್ಡುಗಳಿಂದ ತಡೆದು ಹೆಪ್ಪುಗಟ್ಟಿಸಿದರು. ತಗ್ಗಿನಲ್ಲಿರುವುದರಿಂದ ಈ ಮಂಜುಗಡ್ಡೆಯು ಬೇಗನೆ ಕರಗಿ ಬಿತ್ತನೆಗೆ ಒದಗುತ್ತದೆ. 2015ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಹಿಮವೇ ಬೀಳದಿದ್ದರೆ ಒಡ್ಡುಗಳೂ ಬರಿದಾಗುವುವು. ಮನುಷ್ಯನು ನೀರನ್ನು ಕೂಡಿಡಬಲ್ಲನೇ ಹೊರತು ಸೃಷ್ಟಿಸಲಾರನು.