ಇಂದಿನ ಧಮ್ಮ ಚಿಂತನೆ: ಕೈಯಾರೆ ಕೊಟ್ಟ ಲಂಚ ‘ಕೊಟ್ಟದ್ದು’ ಆಗುತ್ತದೆಯೆ?



ಪಂಚಶೀಲದ ಎರಡನೆಯ ಶೀಲವನ್ನು ಓದುತ್ತಿದ್ದಾಗ ನಮ್ಮ ಬಳಗದ ಹಿರಿಯರೊಬ್ಬರು ಕೇಳಿದ್ದರು: “ಕೊಡದೆ ಇರೋದನ್ನ ತಗೋಬಾರದು ಅಂತ ಶೀಲ. ಲಂಚಾನ ನಾವೇ ಕವರಿಗೆ ಹಾಕಿ ಕೊಡ್ತೀವಲ್ಲ ಮೇಷ್ಟ್ರೇ, ತಗೊಂಡವನ ಶೀಲ ಎಲ್ಲಿ ಮುರೀತು?” ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ.

‘ಅದಿನ್ನಾದಾನ’ ಎಂಬ ಪಾಲಿ ಪದವನ್ನು ಬಿಡಿಸಿದರೆ ಅ, ದಿನ್ನ, ಆದಾನ. ದಿನ್ನ ಎಂದರೆ ಸಂಸ್ಕೃತದ ದತ್ತ, ಕೊಟ್ಟದ್ದು. ಶೀಲದಲ್ಲಿ ಕಳ್ಳತನ ಎಂಬ ಮಾತೇ ಇಲ್ಲ, ‘ಕೊಡದಿದ್ದುದನ್ನು ತೆಗೆದುಕೊಳ್ಳುವುದು’ ಎಂದಷ್ಟೇ ಇದೆ. (ನಮ್ಮ ‘ಲಂಚ’ ಎಂಬ ಪದ ಪಾಲಿಯ ಜಾತಕ ಕಥೆಗಳಲ್ಲೂ ಇದೇ ಅರ್ಥದಲ್ಲಿ ಬರುತ್ತದೆ. ಕೈ ಬಿಸಿ ಮಾಡುವ ಕಲೆ ನಿನ್ನೆ ಮೊನ್ನೆಯದಲ್ಲ!)

ಹಾಗಾದರೆ ಕೊಡುವವರು ಯಾಕೆ ಕೊಡುತ್ತಾರೆ? ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥನಾದ ಸಿಗಾಲನಿಗೆ, ಮನುಷ್ಯ ನಾಲ್ಕು ಕಾರಣಗಳಿಂದ ದಾರಿ ತಪ್ಪುತ್ತಾನೆ ಎಂದು ಹೇಳುತ್ತಾರೆ: ಛಂದ, ದ್ವೇಷ, ಮೋಹ, ಭಯ. ಇಲ್ಲಿ ಛಂದ ಎಂದರೆ ಆಸೆ, ಪಕ್ಷಪಾತ. ಮೋಹ ಎಂದರೆ ತಿಳಿಯದಿರುವುದು. ತೆಗೆದುಕೊಳ್ಳುವವನದು ಆಸೆ. ಕೊಡುವವನದು ಬಹುಮಟ್ಟಿಗೆ ಭಯ ಮತ್ತು ತಿಳಿಯದಿರುವುದು. ಅರ್ಜಿ ಎಲ್ಲಿ ನಿಂತಿದೆ, ಶುಲ್ಕ ಎಷ್ಟು, ಎಷ್ಟು ದಿನದಲ್ಲಿ ಆಗಬೇಕು ಎಂಬುದು ಗೊತ್ತಿಲ್ಲದ ತಾಯಿಯ ಸೆರಗಿನ ಗಂಟಿನಿಂದ ಬಿಚ್ಚಿಸಿಕೊಂಡ ಹಣವನ್ನು ನಾನಂತೂ ‘ದಿನ್ನ’ ಎನ್ನಲಾರೆ. ಬೇಗ ಆಗಲಿ, ಸರದಿ ತಪ್ಪಿಸಿ ಆಗಲಿ ಎಂದು ಕೊಡುವವನ ಕತೆ ಬೇರೆ, ಅವನದೂ ಆಸೆಯೇ. ನಮ್ಮ ಕಾನೂನಿಗೂ ಈ ವ್ಯತ್ಯಾಸ ಗೊತ್ತು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತದಿಂದ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರು ಅಪರಾಧಿಗಳಲ್ಲ. ಈ 7 ದಿನದ ಮಾತು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು?

ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ ಜಾಗೃತಿ ಅರಿವು ಸಪ್ತಾಹ ಬರುತ್ತದೆ. ಪ್ರತಿಜ್ಞೆ, ಜಾಥಾ, ಪ್ರಬಂಧ ಸ್ಪರ್ಧೆ. ಮಕ್ಕಳ ಪ್ರಬಂಧ ತಿದ್ದುವವನಾಗಿ ಹೇಳುತ್ತೇನೆ, ಹತ್ತರಲ್ಲಿ ಎಂಟು ‘ಭ್ರಷ್ಟಾಚಾರವು ಸಮಾಜಕ್ಕೆ ಅಂಟಿದ ಕ್ಯಾನ್ಸರ್’ ಎಂದೇ ಶುರುವಾಗುತ್ತವೆ. ಚೆನ್ನಾಗಿ ಬರೆದ ಹುಡುಗಿಗೂ ತನ್ನ ಆದಾಯ ಪ್ರಮಾಣಪತ್ರದ ಶುಲ್ಕ ಎಷ್ಟೆಂದು ಕೇಳಿದರೆ ಗೊತ್ತಿರುವುದಿಲ್ಲ. ಲಂಚ ಕೆಟ್ಟದ್ದು ಎಂಬುದು ಲಂಚ ತೆಗೆದುಕೊಳ್ಳುವವನಿಗೂ ಗೊತ್ತು. ಜನರಿಗೆ ತಲುಪಬೇಕಾದದ್ದು ಕಾಗದದಲ್ಲಿ ಏನಿದೆ ಎಂಬುದು.

ಅಶೋಕನಿಗೆ ಇದು ತಿಳಿದಿತ್ತು ಅನಿಸುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಎಂದು ಗೊತ್ತಾಯಿತು. ಒಡಿಶಾದ ಧೌಲಿ, ಜೌಗಡಗಳಲ್ಲಿರುವ ಎರಡು ಪ್ರತ್ಯೇಕ ಶಾಸನಗಳು ಇದರಲ್ಲೂ ಇವೆ. ಧೌಲಿಯ ಪಾಠದಲ್ಲಿ ಅವನು ತೋಸಲಿಯ ಅಧಿಕಾರಿಗಳಿಗೆ ನೇರವಾಗಿ ಹೇಳುತ್ತಾನೆ: ಜನರೆಲ್ಲ ನನ್ನ ಮಕ್ಕಳು, ಕಾರಣವಿಲ್ಲದೆ ಯಾರೂ ಸೆರೆ, ಹಿಂಸೆ ಅನುಭವಿಸಬಾರದು. ಅಧಿಕಾರಿಯನ್ನು ಕೆಡಿಸುವ ದೋಷಗಳ ಪಟ್ಟಿಯಲ್ಲಿ ಅಸೂಯೆ, ಮುಂಗೋಪ, ಕ್ರೌರ್ಯಗಳ ಜೊತೆಗೆ ಸೋಮಾರಿತನ ಮತ್ತು ಆಯಾಸವೂ ಇವೆ. ಲಂಚದ ಹೆಸರಿಲ್ಲ. ಆದರೆ ‘ನಾಳೆ ಬಾ’ ಎನ್ನುವ ಸೋಮಾರಿತನದ ಬಾಲ ಹಿಡಿದೇ ಲಂಚ ಬರುವುದನ್ನು ಕಚೇರಿ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಆದೇಶ. ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ನಡುವೆಯೂ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು. ಅಧಿಕಾರಿಗೆ ಕೊಟ್ಟ ಆಜ್ಞೆ ಜನರ ಕಿವಿಗೂ ಬೀಳುತ್ತಿತ್ತು. ಮೇಲಾಗಿ ಐದು ವರ್ಷಕ್ಕೊಮ್ಮೆ ತಪಾಸಣೆಯ ಪ್ರವಾಸ.

ಹೀಗೆ ಗಟ್ಟಿಯಾಗಿ ಓದುವುದರ ಬಲ ನಮ್ಮ ಕಾಲದಲ್ಲಿ ಕಂಡದ್ದು ರಾಜಸ್ಥಾನದಲ್ಲಿ. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ (ನಮ್ಮ ಪಾಲಿ ಭಾಷೆಗೆ ಗಂಟು ಹಾಕಬೇಡಿ) ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಅರುಣಾ ರಾಯ್ ಮತ್ತು ಸಂಗಾತಿಗಳ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನಸುನವಾಯಿ ನಡೆಸಿತು. ಕೂಲಿ ಕೆಲಸದ ಹಾಜರಿ ಪಟ್ಟಿಯನ್ನು ಊರ ಮುಂದೆ ಓದಿದರು, ಅಷ್ಟೇ. ಇಂಥ ಸಭೆಗಳಲ್ಲಿ ಕೆಲಸಕ್ಕೇ ಹೋಗದವರ ಹೆಸರು, ಸತ್ತವರ ಹೆಸರು ಪಟ್ಟಿಯಿಂದ ಹೊರಬಂದವು. ಓದು ಬಾರದವರೂ ಆ ದಿನ ಲೆಕ್ಕ ತಪಾಸಿಗರಾದರು. ಆ ಹೋರಾಟ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು.

ನಮ್ಮಲ್ಲಿ ‘ಸಕಾಲ’ ಇದೆ, 2012ರಿಂದ ರಾಜ್ಯದಾದ್ಯಂತ. ಅದರ ವ್ಯಾಪ್ತಿಯ ಸೇವೆಗೆ ಅರ್ಜಿ ಕೊಟ್ಟಾಗ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಕೊಡಲೇಬೇಕು. ಗಡುವು ಮೀರಿದರೆ ಮೇಲ್ಮನವಿ ಉಂಟು. ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯ ಸಂಬಳದಿಂದ. ಹಣ ಸಣ್ಣದು. ಆದರೆ ಸಂಖ್ಯೆ ಕೈಯಲ್ಲಿದ್ದವರು ‘ಸ್ವಾಮೀ’ ಎಂದು ಕೈಕಟ್ಟಿ ನಿಲ್ಲುವುದಿಲ್ಲ, ‘ನನ್ನ ಅರ್ಜಿ ಏನಾಯಿತು?’ ಎಂದು ಕೇಳುತ್ತಾರೆ.

ಭಾನುವಾರದ ಧ್ಯಾನಕ್ಕೆ ಬರುವಾಗ ಮನೆಯಲ್ಲಿರುವ ಇಂಥ ಸ್ವೀಕೃತಿ ಚೀಟಿಗಳನ್ನು ತನ್ನಿ. ಪಕ್ಕದ ಮನೆಯವರದಿದ್ದರೂ ಸರಿ. ವಂದನೆ ಮುಗಿದ ಮೇಲೆ ಒಂದೊಂದನ್ನೇ ಗಟ್ಟಿಯಾಗಿ ಓದಿ, ಗಡುವಿನ ದಿನಾಂಕಕ್ಕೆ ಕೆಂಪು ಗೆರೆ ಎಳೆಯೋಣ. ಕನ್ನಡಕ ಮರೆಯಬೇಡಿ.

ಭವತು ಸಬ್ಬ ಮಂಗಲಂ.