ಕಾನೂನು ಪ್ರವೇಶ ಪರೀಕ್ಷೆಯ ತಳಮಳ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ‘ಕ್ಲಾಟ್’ ಪರೀಕ್ಷೆಯಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಪದೇ ಪದೇ ಶೌಚಕ್ಕೆ ಹೋಗಬೇಕೆನಿಸುವುದು ಸಹಜವೇ. ಇದು ಅಡ್ರಿನಾಲಿನ್ ಮಾಡುವ ಕೆಲಸ, ಹೃದ್ರೋಗವಲ್ಲ.

ನಡುಕ ನಿಲ್ಲಲೆಂದು ಯಾರೋ ಹೇಳಿದ ಪ್ರೊಪ್ರನೊಲಾಲ್ ಮಾತ್ರೆಯನ್ನು ಮಕ್ಕಳಿಗೆ ಕೊಡಬೇಡಿ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ. ಅಜ್ಜನ ನಿದ್ರೆ ಮಾತ್ರೆಯಂತೂ ಬೇಡವೇ ಬೇಡ; ಮರುದಿನವೂ ಮಂಪರು ಉಳಿದೀತು. ಬದಲಿಗೆ ನಾಲ್ಕು ಎಣಿಸುವವರೆಗೆ ಉಸಿರೆಳೆದು, ಆರು ಎಣಿಸುತ್ತಾ ಬಿಡಲಿ. ಐದು ನಿಮಿಷ ಸಾಕು.

ಓದಿದ್ದು ನೆನಪಿನಲ್ಲಿ ನೆಲೆಯೂರಲು ನಿದ್ರೆ ಬೇಕು. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಆದ್ದರಿಂದ ಸಂಜೆಯ ಕಾಫಿ ಬಿಡುವುದು ಲೇಸು. ಪರೀಕ್ಷೆ ಮಧ್ಯಾಹ್ನವಿದ್ದರೆ ಹಬ್ಬದೂಟ ಬೇಡ, ಹಿತಮಿತವಾಗಿ ಮೊಸರನ್ನ ಸಾಕು.

ತಟ್ಟೆಯ ಮುಂದೆ ಕುಳಿತಾಗ ‘ಎಷ್ಟು ಓದಿ ಮುಗಿಸಿದೆ?’ ಎಂದು ಕೇಳುವ ಅಭ್ಯಾಸವನ್ನು ತಂದೆತಾಯಿ ಬಿಡಬೇಕು. ಎಷ್ಟೋ ಮಕ್ಕಳ ಹೊಟ್ಟೆನೋವಿಗೆ ಔಷಧಿ ಇಷ್ಟೇ!

ಎರಡು ವಾರ ನಿದ್ರೆ, ಊಟ ಕೆಟ್ಟರೆ ವೈದ್ಯರನ್ನು ಕಾಣಿರಿ. ‘ಬದುಕೇ ಬೇಡ’ ಎಂದರೆ ಬೈಯದೆ, ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.