ದನಗಳ ಬೆದರುವಿಕೆಯೂ ವಂಶಗುಣವೂ

ಮನ್ನಾಏಖೇಳ್ಳಿಯು ಪುಣೆ–ಹೈದರಾಬಾದು ಹೆದ್ದಾರಿಯ ಮೇಲಿರುವ ಊರು. ಲಾರಿಯ ಹಾರನ್ ಕೇಳಿದೊಡನೆ ಒಂದು ಎತ್ತು ಕಿವಿ ನಿಮಿರಿಸಿ ಸುಮ್ಮನೆ ನಿಲ್ಲುವುದು. ಅದರ ಜೊತೆಯ ಎತ್ತು ಬಂಡಿಯನ್ನೇ ಎಳೆದುಕೊಂಡು ಓಡುವುದು. ಮೇವು, ಕೊಟ್ಟಿಗೆ, ಒಡೆಯ ಎಲ್ಲವೂ ಒಂದೇ ಆಗಿರಲು ಈ ಭೇದವೇಕೆ? ಪಳಗಿಸಿದವನ ದೋಷವೆಂದು ಹಲವರು ಹೇಳುವರು. ಅದು ಸತ್ಯದ ಒಂದು ಭಾಗ ಮಾತ್ರ; ಇನ್ನೊಂದು ಭಾಗವು ವಂಶದಲ್ಲಿರುವುದು.

ಬೀದರ ಸೀಮೆಯ ದೇವಣಿ ತಳಿಯು ಸಾಧುತನಕ್ಕೆ ಹೆಸರಾದುದು. ಮೈಸೂರು ಸೀಮೆಯ ಅಮೃತಮಹಲ್ ದನಗಳಾದರೋ ಅಪರಿಚಿತರನ್ನು ಕಂಡೊಡನೆ ಕೆರಳುವುವು. ಆದರೆ ಇವು ಕಾವಲುಗಳಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆಯತಕ್ಕವಾದುದರಿಂದ, ಇದು ಸಾಕಣೆಯ ಫಲವೋ ವಂಶದ ಫಲವೋ ಎಂಬ ಸಂದೇಹವು ಉಳಿಯುವುದು.

ಈ ಸಂದೇಹವನ್ನು ನರಿಗಳ ಮೇಲಣ ಒಂದು ಪ್ರಯೋಗವು ಬಿಡಿಸಿತು. ಸೋವಿಯತ್ ರಷ್ಯಾದ ಬೆಲ್ಯಾಯೆವ್ ಎಂಬ ವಿಜ್ಞಾನಿಯು 1959ರಲ್ಲಿ ಆರಂಭಿಸಿ, ಮನುಷ್ಯನಿಗೆ ಅತಿ ಕಡಮೆ ಬೆದರುವ ನರಿಗಳನ್ನೇ ಪ್ರತಿ ತಲೆಮಾರಿನಲ್ಲಿಯೂ ಸಂತಾನಕ್ಕೆ ಆರಿಸಿದನು. ಕೆಲವೇ ತಲೆಮಾರುಗಳಲ್ಲಿ ಬಾಲವಾಡಿಸುತ್ತ ಬಳಿಗೆ ಬರುವ ಮರಿಗಳು ಹುಟ್ಟಿದುವು. ಉಗ್ರ ವಂಶದ ಭ್ರೂಣವನ್ನು ಸಾಧು ತಾಯಿಯ ಗರ್ಭದಲ್ಲಿಟ್ಟು ಬೆಳೆಸಿದರೂ ಮರಿಯು ಉಗ್ರವೇ ಆಯಿತು.

ಇದರ ಕಾರಣವು ಹೀಗೆ: ಹೊಸದೊಂದು ಕಂಡಾಗ ಮೆದುಳು ಎಚ್ಚರಗೊಂಡು, ಮೂತ್ರಪಿಂಡಗಳ ಮೇಲಣ ಗ್ರಂಥಿಗಳು ರಕ್ತಕ್ಕೆ ರಸವನ್ನು ಸುರಿಸುವುವು, ಎದೆ ಬಡಿದು ಕಾಲು ಓಡಲು ಅಣಿಯಾಗುವುದು. ಈ ಏರ್ಪಾಡು ಎಷ್ಟು ಬೇಗ ಕೆರಳಿ ಎಷ್ಟು ಬೇಗ ತಣಿಯುವುದೆಂಬುದನ್ನು ಒಂದಲ್ಲ, ಅನೇಕ ವಂಶವಾಹಿಗಳು ಸೇರಿ ಪ್ರಭಾವಿಸುವುವು. ಕರುವಿಗೆ ಇವು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುವುವು. ಆಕಳು ವರ್ಷಕ್ಕೆ ಒಂದು ಕರುವನ್ನು ಕೊಟ್ಟರೆ ಒಂದು ಹೋರಿಯು ಊರಿನ ಹಿಂಡಿಗೇ ತಂದೆಯಾಗುವುದು. ಆದುದರಿಂದ ಊರಿನ ಮುಖಂಡರು ಈ ಕೆಳಗಣ ಅಂಶಗಳನ್ನು ಲಕ್ಷಿಸತಕ್ಕುದು.

1. ಬೀಜದ ಹೋರಿಯನ್ನು ಆರಿಸುವಾಗ ಮೈಕಟ್ಟು, ತಾಯಿಯ ಹಾಲು ಇವುಗಳೊಡನೆ ಸ್ವಭಾವವನ್ನೂ ನೋಡಬೇಕು. ಹೋರಿಯನ್ನು ಭದ್ರವಾಗಿ ಕಟ್ಟಿ, ದೂರ ನಿಂತು ಛತ್ರಿಯನ್ನು ಬಿಚ್ಚಬೇಕು. ಬೆದರುವುದು ದೋಷವಲ್ಲ, ಬೆದರಿದ ಮೇಲೆ ಎಷ್ಟು ಬೇಗ ಮೇವಿಗೆ ಬಾಯಿ ಹಾಕುವುದೆಂಬುದೇ ಪರೀಕ್ಷೆ.

2. ಒಂದು ದಿನದ ನಡತೆಯನ್ನು ನಂಬದೆ ಅದರ ತಾಯಿ, ಒಡಹುಟ್ಟುಗಳ ನಡತೆಯನ್ನೂ ವಿಚಾರಿಸಬೇಕು.

3. ಉತ್ತಮ ವಂಶದ ಕರುವಾದರೂ ಎಳವೆಯಿಂದಲೇ ಮೈದಡವಿ, ಬಂಡಿ, ಜನ, ಸದ್ದುಗಳನ್ನು ಮೆಲ್ಲನೆ ರೂಢಿಮಾಡಿಸಬೇಕು.

4. ಬೆದರಿದ ದನವನ್ನು ಹೊಡೆಯಲಾಗದು. ಹೊಡೆದರೆ ಆ ಸದ್ದಿನೊಡನೆ ನೋವೂ ನೆನಪಿನಲ್ಲಿ ನಿಂತು, ಮುಂದಿನ ಸಲ ಭಯವು ಇಮ್ಮಡಿಸುವುದು.

ಹುಟ್ಟುಗುಣವನ್ನು ಬಾರುಕೋಲು ಅಳಿಸಲಾರದು. ಹೋರಿಯ ಆಯ್ಕೆಯು ಅದನ್ನು ತಲೆಮಾರಿನಿಂದ ತಲೆಮಾರಿಗೆ ತಿದ್ದಬಲ್ಲುದು.